ಮೊದಲು ನೀರು, ಆಮೇಲೆ ದಾರಿ: ಒಂದು ಹಗಲಿನ ಜಲಪಾತ ಚಾರಣಕ್ಕೆ ನನ್ನ ಸಿದ್ಧತೆ

ಧಾರವಾಡದಲ್ಲಿ ಮನೆ ಮಾಡಿಕೊಂಡಿರುವ ನನಗೆ ಉತ್ತರ ಕನ್ನಡದ ಹಲವು ಜಲಪಾತಗಳು ಬೆಳಗ್ಗೆ ಹೊರಟು ರಾತ್ರಿ ಊಟಕ್ಕೆ ಮರಳಬಹುದಾದಷ್ಟು ಸಮೀಪದಲ್ಲಿವೆ. ಹಲವು ವರ್ಷಗಳಿಂದ ಮನೆಯವರನ್ನೂ ಗೆಳೆಯರನ್ನೂ ಕೆಲವೊಮ್ಮೆ ಅವರ ವಯಸ್ಸಾದ ತಂದೆ-ತಾಯಿಯರನ್ನೂ ಕೂಡಿಕೊಂಡು ಇಂಥ ಒಂದು ದಿನದ ಚಾರಣಗಳನ್ನು ಏರ್ಪಡಿಸುತ್ತ ಬಂದಿದ್ದೇನೆ. ಮೊದಲು ನೀರಿನ ಲೆಕ್ಕ, ಅನಂತರ ಬೆಳಕಿನ ಲೆಕ್ಕ, ಕೊನೆಗೆ ದಾರಿಯ ಲೆಕ್ಕ ಎಂಬುದು ನನಗೆ ರೂಢಿಯಾದ ಕ್ರಮ. ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ. ನಕ್ಷೆಯಲ್ಲಿ ಕಿಲೋಮೀಟರ್ ಎಣಿಸಿ, ಒಂದೇ ದಿನಕ್ಕೆ ಮೂರು ಜಲಪಾತಗಳನ್ನು ಪೋಣಿಸಿ, ಮೂರನೆಯದನ್ನು ಕತ್ತಲೆಯಲ್ಲಿ ಕಿವಿಯಿಂದ ಮಾತ್ರ ನೋಡಿ ಬರುತ್ತಾರೆ.

ನೀರಿನ ಲೆಕ್ಕವನ್ನು ವಿವರಿಸಲು ಮಾಗೋಡಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಯಲ್ಲಾಪುರದಿಂದ ಸುಮಾರು 17 ಕಿ.ಮೀ. ದೂರದಲ್ಲಿ ಬೇಡ್ತಿ ನದಿ ಎರಡು ಹಂತಗಳಲ್ಲಿ ಸುಮಾರು 200 ಮೀಟರ್ ಕೆಳಗಿನ ಕಣಿವೆಗೆ ಧುಮುಕುತ್ತದೆ. ಸುತ್ತಲಿನ ಕಾಡನ್ನು ನೋಡಿದವರಿಗೆ ಇದು ಪೂರ್ತಿ ಮಲೆನಾಡಿನ ನೀರೆಂದೇ ಅನಿಸುತ್ತದೆ. ಆದರೆ ಅದರ ಒಂದು ಕವಲಾದ ಶಾಲ್ಮಲೆ ಹುಟ್ಟುವುದು ಧಾರವಾಡದ ಸೋಮೇಶ್ವರ ಗುಡಿಯ ಬಳಿಯಲ್ಲಿ. ಇನ್ನೊಂದು ಕವಲು ಹುಬ್ಬಳ್ಳಿಯ ಕಡೆಯಿಂದ ಬಂದು ಕಲಘಟಗಿಯ ಆಸುಪಾಸಿನಲ್ಲಿ ಇದನ್ನು ಕೂಡಿಕೊಳ್ಳುತ್ತದೆ, ಮುಂದೆ ಘಟ್ಟ ಇಳಿದ ನದಿ ಗಂಗಾವಳಿ ಎನಿಸಿಕೊಂಡು ಸಮುದ್ರ ಸೇರುತ್ತದೆ. ಹಾಗಾಗಿ ಯಲ್ಲಾಪುರದಲ್ಲಿ ಹೊಳೆಯುವ ಬಿಸಿಲಿದ್ದರೂ ನಮ್ಮೂರಿನಲ್ಲಿ ಹಿಂದಿನ ದಿನಗಳಲ್ಲಿ ಜೋರು ಮಳೆಯಾಗಿದ್ದರೆ ಮಾಗೋಡಿನಲ್ಲಿ ಕೆಸರು ಬಣ್ಣದ ನೀರು ತುಂಬಿ ಸುರಿಯುತ್ತಿರುತ್ತದೆ. ಹೋಗುವ ಜಾಗದ ಮಳೆಯನ್ನಷ್ಟೇ ವಿಚಾರಿಸಿ ಹೊರಡುವುದು ಸಾಲದು, ನದಿಯ ಹಿಂದಿನ ದಾರಿಯಲ್ಲಿ ಎಷ್ಟು ಮಳೆ ಬಿದ್ದಿದೆಯೆಂದು ನೋಡಬೇಕು ಎಂಬುದನ್ನು ನಾನು ಕಲಿತದ್ದು ಈ ನದಿಯಿಂದಲೇ.

ಅಘನಾಶಿನಿಯ ಸ್ವಭಾವ ಬೇರೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಈ ನದಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಇಲ್ಲದ ಕಾರಣ, ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಬೀಳುವ ನೀರು ಎಷ್ಟಿರಬೇಕೆಂಬುದನ್ನು ಮಳೆ ಮತ್ತು ಕಾಡು ಇವೆರಡೇ ನಿರ್ಧರಿಸುತ್ತವೆ. ಮಳೆ ನಿಂತ ಮೇಲೂ ಅದು ಮೆಲ್ಲಗೆ ಇಳಿಯುತ್ತ ಹೋಗುತ್ತದೆ. ಶರಾವತಿಯದು ಇದಕ್ಕೆ ವಿರುದ್ಧ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಜೋಗದ 253 ಮೀಟರ್ ಕಂದರಕ್ಕೆ ಎಷ್ಟು ನೀರು ಬೀಳುತ್ತದೆಂಬುದು ಜಲಾಶಯದ ಮಟ್ಟವನ್ನೂ ಗೇಟುಗಳನ್ನೂ ಅವಲಂಬಿಸಿದೆ. ಜೋಗಕ್ಕೆ ಹೊರಡುವ ಮುನ್ನ ಪತ್ರಿಕೆಯಲ್ಲಿ ನಾನು ಓದುವುದು ಲಿಂಗನಮಕ್ಕಿಯ ನೀರಿನ ಮಟ್ಟವನ್ನು.

ಯಾವ ತಿಂಗಳು ಒಳ್ಳೆಯದು ಎಂದು ಕೇಳುವವರಿಗೆ ನಾನು ಮೊದಲು ಮರುಪ್ರಶ್ನೆ ಹಾಕುತ್ತೇನೆ: ನೋಡುವುದಕ್ಕೋ, ನೀರಿಗೆ ಇಳಿಯುವುದಕ್ಕೋ? ಮಾಗೋಡು ಮತ್ತು ಉಂಚಳ್ಳಿ ದೂರದ ಕಟ್ಟೆಯಲ್ಲಿ ನಿಂತು ನೋಡುವ ಜಲಪಾತಗಳು. ಅವುಗಳ ಬುಡಕ್ಕೆ ಇಳಿಯುವ ಯೋಚನೆಯನ್ನು ನಾನು ಯಾವ ಋತುವಿನಲ್ಲಿಯೂ ಮಾಡುವುದಿಲ್ಲ. ಯಲ್ಲಾಪುರದ ಸಾತೊಡ್ಡಿ ಮತ್ತು ಯಾಣದ ಹತ್ತಿರದ ವಿಭೂತಿ ಚಿಕ್ಕವು, ಹತ್ತಿರ ಹೋಗಿ ಕಾಲಾಡಿಸಬಹುದಾದವು. ಜುಲೈ ತಿಂಗಳಿನಲ್ಲಿ ನೋಡುವ ಜಲಪಾತಗಳಲ್ಲಿ ನೀರು ಬೇಕಾದಷ್ಟಿದ್ದರೂ ಕಣಿವೆಯ ತುಂಬ ಮಂಜು ಕವಿದು ಬರಿಯ ಸದ್ದು ಕೇಳಿ ಮರಳಬೇಕಾಗುತ್ತದೆ, ಇಳಿಯುವ ಜಲಪಾತಗಳಿಗೆ ಆಗ ಪ್ರವೇಶವೇ ಇರದಿರಬಹುದು. ನನ್ನ ಅಭಿಪ್ರಾಯದಲ್ಲಿ ಮಾಗೋಡು, ಉಂಚಳ್ಳಿಗಳಿಗೆ ಸೆಪ್ಟೆಂಬರಿನ ಎರಡನೆಯ ವಾರದಿಂದ ಅಕ್ಟೋಬರ್ ಕೊನೆಯವರೆಗಿನ ಕಾಲ ಅತ್ಯುತ್ತಮ. ಸಾತೊಡ್ಡಿ, ವಿಭೂತಿಗಳಿಗೆ ದೀಪಾವಳಿಯ ನಂತರ ಹೋದರೆ ನೀರು ತಿಳಿಯಾಗಿ, ತಳದ ಕಲ್ಲು ಕಾಣುವಂತಿರುತ್ತದೆ.

ಹೊರಡುವ ಎರಡು ದಿನ ಮುಂಚಿನಿಂದ ಮಳೆಯ ವರದಿಯನ್ನು ನೋಡುತ್ತೇನೆ. ಹವಾಮಾನ ಇಲಾಖೆಯ ಭಾಷೆಯಲ್ಲಿ 24 ಗಂಟೆಗಳಲ್ಲಿ 64.5 ಮಿ.ಮೀ. ಮುಟ್ಟಿದರೆ ಅದು ಭಾರಿ ಮಳೆ, 115.6 ಮಿ.ಮೀ. ಮುಟ್ಟಿದರೆ ಅತಿ ಭಾರಿ ಮಳೆ. ಇವೆರಡರಲ್ಲಿ ಮೊದಲನೆಯ ಮುನ್ಸೂಚನೆಯಿದ್ದರೂ ನಾನು ದಿನವನ್ನು ಮುಂದೂಡುತ್ತೇನೆ, ಏಕೆಂದರೆ ಘಟ್ಟದಲ್ಲಿ ಅಪಾಯವಿರುವುದು ಹೊಳೆಯಲ್ಲಿ ಮಾತ್ರವಲ್ಲ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿಯೂ ಅರಬೈಲ್ ಘಟ್ಟದಲ್ಲಿಯೂ ಗುಡ್ಡ ಕುಸಿದದ್ದು ನೆನಪಿದೆ. ವರದಿ ನೋಡಿದ ಮೇಲೆ ಆ ಭಾಗದ ಪರಿಚಯದವರೊಬ್ಬರಿಗೆ ಫೋನು ಮಾಡಿ, ಜಲಪಾತದ ಗೇಟು ತೆರೆದಿದೆಯೇ, ಕೊನೆಯ ಕೆಲವು ಕಿಲೋಮೀಟರಿನ ರಸ್ತೆ ಹೇಗಿದೆ ಎಂದು ಕೇಳುತ್ತೇನೆ. ಪರಿಚಯದವರಿಲ್ಲದ ಕಡೆ ಅರಣ್ಯ ಇಲಾಖೆಯ ವಲಯ ಕಚೇರಿಯನ್ನು ವಿಚಾರಿಸುವುದುಂಟು. ಮಳೆಗಾಲದಲ್ಲಿ ಜಿಲ್ಲಾಡಳಿತ ಹಿಂದಿನ ಸಂಜೆ ಆದೇಶ ಹೊರಡಿಸಿ ಮರುದಿನ ಬೆಳಗ್ಗೆ ಪ್ರವೇಶ ನಿಲ್ಲಿಸಬಹುದಾದ್ದರಿಂದ ಒಂದು ವಾರದ ಹಿಂದಿನ ಮಾಹಿತಿಯನ್ನು ನಂಬುವಂತಿಲ್ಲ.

ಬೆಳಕಿನ ಲೆಕ್ಕದಲ್ಲಿ ಗುಡ್ಡದ ಚಾರಣಕ್ಕೂ ಜಲಪಾತದ ಚಾರಣಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಗುಡ್ಡಕ್ಕೆ ಹೋದಾಗ ಬೆಳಗಿನ ಉತ್ಸಾಹದಲ್ಲಿ ಹತ್ತಿ, ದಣಿದ ಮೇಲೆ ಇಳಿಯುತ್ತೇವೆ. ಜಲಪಾತಕ್ಕೆ ಹೋದಾಗ ಹುರುಪಿನಲ್ಲಿ ಇಳಿದು, ಊಟವಾದ ಮೇಲೆ, ಒದ್ದೆ ಬಟ್ಟೆಯಲ್ಲಿ, ನಡುಹಗಲಿನ ಸೆಕೆಯಲ್ಲಿ ಹತ್ತುತ್ತೇವೆ. ಉಂಚಳ್ಳಿಯಲ್ಲಿ ಮೆಟ್ಟಿಲುಗಳನ್ನು ಕಟ್ಟಿದ್ದರೂ ಇಳಿಯುವಾಗ ಹರಟುತ್ತ ಹೋದವರೇ ಹತ್ತುವಾಗ ಮಾತು ನಿಲ್ಲಿಸುತ್ತಾರೆ. ಇಳಿಯಲು ಎಷ್ಟು ಹೊತ್ತು ಹಿಡಿಯಿತೋ ಅದರ ಒಂದೂವರೆ ಪಟ್ಟನ್ನು, ಹಿರಿಯರಿದ್ದರೆ ಎರಡು ಪಟ್ಟನ್ನು ಹತ್ತಲು ಮೀಸಲಿಡುವುದು ನನ್ನ ಪದ್ಧತಿ. ನವೆಂಬರಿನಲ್ಲಿ ಸೂರ್ಯ ಸಂಜೆ ಆರರ ಸುಮಾರಿಗೆ ಮುಳುಗುತ್ತಾನೆ, ಕಣಿವೆಯ ಮರಗಳ ಕೆಳಗೆ ಅದಕ್ಕಿಂತ ಮುಂಚೆಯೇ ಮಬ್ಬಾಗುತ್ತದೆ. ಆದ್ದರಿಂದ ಮೂರೂವರೆಗೆ ನೀರಿನಿಂದ ಏಳಬೇಕೆಂದು ಮೊದಲೇ ಎಲ್ಲರಿಗೂ ಹೇಳಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಹೋಗಿ ಮನೆಯಿಂದ ಹೊರಡುವ ವೇಳೆಯನ್ನು ಗೊತ್ತುಮಾಡುತ್ತೇನೆ. ಧಾರವಾಡದಿಂದ ಕಲಘಟಗಿಯ ಮೇಲೆ ಯಲ್ಲಾಪುರಕ್ಕೆ ಹೋಗಿ, ಅಲ್ಲಿ ನಾಷ್ಟಾ ಮುಗಿಸಿ, ಸುಮಾರು 32 ಕಿ.ಮೀ. ದೂರದ ಸಾತೊಡ್ಡಿಯನ್ನು ಹತ್ತು ಗಂಟೆಗೆ ತಲುಪಬೇಕಾದರೆ ಬೆಳಗ್ಗೆ ಆರರೊಳಗೆ ಹೊರಡಲೇಬೇಕು. ಕೊನೆಯ ಭಾಗದ ಕಾಡುರಸ್ತೆ ಹೆದ್ದಾರಿಯ ಲೆಕ್ಕಕ್ಕೆ ಸಿಗುವುದಿಲ್ಲ.

ಮಾಗೋಡಿಗೆ ಮಾತ್ರ ಬೇಗ ಹೋಗಿ ಉಪಯೋಗವಿಲ್ಲ. ಮಂಜು ಸರಿಯಲು ಬಿಸಿಲೇರಬೇಕಾಗುವುದರಿಂದ ಅಲ್ಲಿಗೆ ಹನ್ನೊಂದರ ಹೊತ್ತಿಗೆ ಮುಟ್ಟಿ, ಮಧ್ಯಾಹ್ನ ಕವಡಿಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿ, ಸಂಜೆ ಜೇನುಕಲ್ಲು ಗುಡ್ಡದ ಮೇಲಿಂದ ಬೇಡ್ತಿಯ ಕಣಿವೆಯನ್ನು ನೋಡಿ ಮರಳುವುದು ಹಿರಿಯರನ್ನು ಕರೆದೊಯ್ಯುವಾಗ ನಾನು ಆರಿಸಿಕೊಳ್ಳುವ ದಿನಚರಿ.

ನೀರಿನ ಹತ್ತಿರ ತಲುಪಿದ ಮೇಲೆ ನಾನು ಮೊದಲು ಮಾಡುವ ಕೆಲಸ ಒಂದು ಗುರುತು ಇಡುವುದು: ನೀರಿನ ಅಂಚಿನಲ್ಲಿರುವ ಒಂದು ಕಲ್ಲನ್ನು ಆರಿಸಿ, ಆಗಾಗ ಅದರ ಕಡೆ ಕಣ್ಣಾಡಿಸುತ್ತಿರುತ್ತೇನೆ. ಆ ಕಲ್ಲು ಮುಳುಗತೊಡಗಿದರೆ, ತಿಳಿನೀರು ಕದಡಿದರೆ, ಒಣ ಎಲೆ ಮತ್ತು ಕಡ್ಡಿಗಳು ಒಟ್ಟೊಟ್ಟಾಗಿ ತೇಲಿಬಂದರೆ, ಅಥವಾ ಬೀಳುವ ನೀರಿನ ಸದ್ದು ದಪ್ಪವಾದರೆ ಮೇಲ್ಭಾಗದಲ್ಲಿ ಮಳೆಯಾಗಿದೆಯೆಂದು ತಿಳಿದು ಎಲ್ಲರನ್ನೂ ದಂಡೆಗೆ ಕರೆಯುತ್ತೇನೆ. ತಲೆಯ ಮೇಲೆ ಬಿಸಿಲಿದೆಯೆಂಬ ವಾದಕ್ಕೆ ಕಿವಿಗೊಡುವುದಿಲ್ಲ. ಹೊಳೆ ದಾಟಿದ ಮೇಲೆ ಸಿಗುವ ಜಾಗದಲ್ಲಿ ಕುಳಿತು ಉಣ್ಣುವುದಿಲ್ಲ, ಏಕೆಂದರೆ ನೀರು ಏರಿದರೆ ಮರಳುವ ದಾರಿಯೇ ಮುಚ್ಚಿಹೋಗುತ್ತದೆ. ಪಾಚಿ ಕಟ್ಟಿದ ಬಂಡೆ ನೀರಿಗಿಂತ ಹೆಚ್ಚಿನ ಅಪಾಯವೆಂಬುದು ನನ್ನ ಖಚಿತ ಅಭಿಪ್ರಾಯ. 2023ರ ಜುಲೈನಲ್ಲಿ ಕೊಲ್ಲೂರಿನ ಸಮೀಪದ ಅರಸಿನಗುಂಡಿ ಜಲಪಾತದಲ್ಲಿ ತರುಣನೊಬ್ಬ ಕೊಚ್ಚಿಹೋದದ್ದು ಬಂಡೆಯ ಅಂಚಿನಲ್ಲಿ ನಿಂತಿದ್ದಾಗ ಕಾಲು ಜಾರಿದ್ದರಿಂದ. ಫೋಟೊ ತೆಗೆಯುವವರು ಕುಳಿತೇ ತೆಗೆಯಬೇಕೆಂಬ ನಿಯಮವನ್ನು ನಮ್ಮ ಗುಂಪಿನಲ್ಲಿ ನಾನು ತಂದಿದ್ದೇನೆ. ಇದಕ್ಕಾಗಿ ಮಕ್ಕಳಿಂದ ಬೈಸಿಕೊಂಡದ್ದೂ ಉಂಟು.

ಉಂಬಳಗಳ (ಕಾಡಿನ ಜಿಗಣೆಗಳ) ಬಗ್ಗೆ ಬಯಲುಸೀಮೆಯವರಿಗೆ ಇರುವಷ್ಟು ಭಯ ಅವಕ್ಕೆ ಸಲ್ಲದು. ಉದ್ದನೆಯ ಕಾಲುಚೀಲದೊಳಗೆ ಪ್ಯಾಂಟನ್ನು ಸೇರಿಸಿ, ಕಾಲುಚೀಲಕ್ಕೆ ಹೊಗೆಸೊಪ್ಪು ನೆನೆಸಿದ ನೀರು ಹಚ್ಚಿದರೆ ಬಹುಪಾಲು ಏರುವುದಿಲ್ಲ. ಕಚ್ಚಿದ್ದನ್ನು ಕಿತ್ತೆಳೆಯದೆ ಉಗುರಿನಿಂದ ಮೆಲ್ಲಗೆ ಜರುಗಿಸಿ ಬಿಡಿಸಿದರೆ ಸಾಕು. ನಾನು ಗಂಭೀರವಾಗಿ ಪರಿಗಣಿಸುವುದು ಉಣುಗುಗಳನ್ನು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ, ಉಣುಗು ಕಚ್ಚುವುದರಿಂದ ಹರಡುವ ಮಂಗನ ಕಾಯಿಲೆ ಸಿದ್ದಾಪುರದ ಕಡೆಯೂ ಕಾಣಿಸಿಕೊಳ್ಳುತ್ತದೆ. ಡಿಸೆಂಬರಿನಿಂದ ಬೇಸಿಗೆಯವರೆಗೆ ಅದರ ಕಾಲವಾದ್ದರಿಂದ ಆ ತಿಂಗಳುಗಳಲ್ಲಿ ಉಂಚಳ್ಳಿಯ ಕಡೆ ಹೋಗುವ ಮುನ್ನ ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸುತ್ತೇನೆ, ಮಂಗಗಳು ಸತ್ತ ಸುದ್ದಿಯಿದ್ದರೆ ಹೋಗುವುದಿಲ್ಲ. ಒಣ ಎಲೆಗಳ ಮೇಲೆ ಕೂರುವುದು ಬೇಡವೆಂದು ಎಲ್ಲರಿಗೂ ಹೇಳಿ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಯನ್ನು ಒಗೆಯಲು ಹಾಕಿಸುತ್ತೇನೆ.

ಊಟದ ವಿಷಯ ಸರಳ: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನ. ಇವು ಕೆಡುವುದಿಲ್ಲ, ಪ್ಲಾಸ್ಟಿಕ್ ಪೊಟ್ಟಣಗಳ ಕಸವನ್ನೂ ಬಿಡುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಗೇಟು ಮುಚ್ಚಿರುವ ದಿನಗಳಿವೆ. ಅದಕ್ಕಾಗಿ ಪ್ರತಿ ಜಲಪಾತಕ್ಕೂ ಒಂದು ಬದಲಿ ಜಾಗವನ್ನು ಮನೆಯಲ್ಲಿಯೇ ಬರೆದಿಟ್ಟುಕೊಳ್ಳುತ್ತೇನೆ: ಯಲ್ಲಾಪುರದ ಕಡೆಗಾದರೆ ಕವಡಿಕೆರೆ, ಮುಂಡಗೋಡಿನ ಮೇಲೆ ಹೋಗುವಾಗ ಅತ್ತಿವೇರಿಯ ಪಕ್ಷಿಧಾಮ, ಶಿರಸಿಯ ಕಡೆಗಾದರೆ ಬನವಾಸಿಯ ಮಧುಕೇಶ್ವರ ದೇವಸ್ಥಾನ. ಶಿರಸಿಯ ಹತ್ತಿರ ಹೊಳೆಯ ಬಂಡೆಗಳ ಮೇಲೆ ಕೆತ್ತಿರುವ ಸಹಸ್ರಲಿಂಗವನ್ನು ಈ ಪಟ್ಟಿಗೆ ಸೇರಿಸಿಲ್ಲ, ಏಕೆಂದರೆ ಜಲಪಾತವನ್ನು ಮುಚ್ಚುವಷ್ಟು ಮಳೆ ಬಂದ ದಿನ ಅಲ್ಲಿಯ ಲಿಂಗಗಳೂ ನೀರಿನಡಿಯಲ್ಲಿರುತ್ತವೆ.