ಉಪಗ್ರಹ ಮಾಡೆಮ್‌ನ ಪಾಸ್‌ವರ್ಡ್ ಮರೆತಿರಾ? ಪಿನ್ನು ಬದಿಗಿಟ್ಟು ಹುಡುಕಿ

ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು ಕಡೆಯ ಒಳಭಾಗಗಳಲ್ಲಿ ಫೈಬರ್ ಕೇಬಲ್ ತಲುಪದ ಜಾಗಗಳು ಇನ್ನೂ ಇವೆ. ಗುಡ್ಡದ ಮೇಲಿನ ಗಾಳಿಯಂತ್ರದ ಕಚೇರಿ, ಊರಾಚೆಯ ಪೆಟ್ರೋಲ್ ಬಂಕ್, ಚಿಕ್ಕ ಬ್ಯಾಂಕ್ ಶಾಖೆ ಇಂಥ ಕಡೆ ತಾರಸಿಯ ಮೇಲೊಂದು ಡಿಶ್, ಒಳಗಿನ ಮೇಜಿನ ಮೇಲೊಂದು ಮಾಡೆಮ್ ಇದ್ದರೆ ಇಂಟರ್‌ನೆಟ್ ನಡೆಯುತ್ತದೆ. ತೊಂದರೆ ಶುರುವಾಗುವುದು ಪಾಸ್‌ವರ್ಡ್ ಹಾಕಿದ್ದ ಮ್ಯಾನೇಜರ್ ವರ್ಗವಾಗಿ ಹೋದಾಗ. ಆಗ ಎಲ್ಲರ ಕೈಯೂ ಹೋಗುವುದು ಮಾಡೆಮ್‌ನ ಹಿಂಬದಿಯ ಸಣ್ಣ ರಿಸೆಟ್ ರಂಧ್ರಕ್ಕೆ. ದಯವಿಟ್ಟು ಅದಕ್ಕೆ ಪಿನ್ನು ಚುಚ್ಚಬೇಡಿ. ಮನೆಯ ಫೈಬರ್ ರೂಟರ್‌ಗೆ ಒಗ್ಗುವ ಉಪಾಯ ಇಲ್ಲಿ ಇದ್ದ ಸಂಪರ್ಕವನ್ನೂ ಕಳೆಯಬಹುದು.

ನೀವು ಮರೆತಿರುವುದು ಯಾವ ಪಾಸ್‌ವರ್ಡ್ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಮೊಬೈಲನ್ನು ವೈಫೈಗೆ ಸೇರಿಸುವಾಗ ಕೇಳುವುದು ಒಂದು. ಮಾಡೆಮ್‌ನ ಸೆಟ್ಟಿಂಗ್ಸ್ ಪುಟ ತೆರೆಯಲು ಕೇಳುವ ಅಡ್ಮಿನ್ ಪಾಸ್‌ವರ್ಡ್ ಇನ್ನೊಂದು. ಇವುಗಳ ಜೊತೆಗೆ, ಬಿಲ್ ಕಟ್ಟಲು ಸೇವಾ ಕಂಪನಿಯ ಜಾಲತಾಣದಲ್ಲಿ ಬಳಸುವ ಖಾತೆಯ ಪಾಸ್‌ವರ್ಡ್ ಬೇರೆಯೇ ಇರುತ್ತದೆ. ಅದನ್ನು ನೋಂದಾಯಿತ ಮೊಬೈಲಿಗೆ ಬರುವ ಒಟಿಪಿಯಿಂದ ಬದಲಾಯಿಸಬಹುದು, ಮಾಡೆಮ್ ಮುಟ್ಟುವ ಅಗತ್ಯವೇ ಇಲ್ಲ.

ವೈಫೈ ಪಾಸ್‌ವರ್ಡ್ ಆದರೆ ಚಿಂತೆ ಕಡಿಮೆ. ಈಗಾಗಲೇ ಸಂಪರ್ಕದಲ್ಲಿರುವ ಒಂದು ಸಾಧನ ಸಿಕ್ಕರೆ ಸಾಕು. ಆಂಡ್ರಾಯ್ಡ್ 10 ಅಥವಾ ಅದರ ನಂತರದ ಆವೃತ್ತಿಯ ಮೊಬೈಲ್‌ನಲ್ಲಿ ವೈಫೈ ಸೆಟ್ಟಿಂಗ್ಸ್‌ಗೆ ಹೋಗಿ, ಆ ನೆಟ್‌ವರ್ಕ್ ಹೆಸರಿನ ಒಳಗೆ ‘ಶೇರ್’ ಒತ್ತಿ. ಬೆರಳಚ್ಚು ಕೊಟ್ಟ ಮೇಲೆ ಕ್ಯುಆರ್ ಕೋಡ್ ಮೂಡುತ್ತದೆ. ಹಲವು ಫೋನ್‌ಗಳಲ್ಲಿ ಅದರ ಕೆಳಗೇ ಪಾಸ್‌ವರ್ಡ್ ಅಕ್ಷರಗಳಲ್ಲಿ ಕಾಣುತ್ತದೆ. ವಿಂಡೋಸ್ 10 ಲ್ಯಾಪ್‌ಟಾಪ್ ಇದ್ದರೆ ನೆಟ್‌ವರ್ಕ್ ಆ್ಯಂಡ್ ಶೇರಿಂಗ್ ಸೆಂಟರ್‌ನಲ್ಲಿ ವೈಫೈ ಹೆಸರಿನ ಮೇಲೆ ಒತ್ತಿ, ವೈರ್‌ಲೆಸ್ ಪ್ರಾಪರ್ಟೀಸ್ ತೆರೆದು, ಸೆಕ್ಯುರಿಟಿ ವಿಭಾಗದಲ್ಲಿ ‘ಶೋ ಕ್ಯಾರೆಕ್ಟರ್ಸ್’ ಎಂಬಲ್ಲಿ ಗುರುತು ಹಾಕಿ. ಹಳೆಯ ಬಿಲ್ಲಿಂಗ್ ಕಂಪ್ಯೂಟರ್‌ಗಳು ಇಲ್ಲಿ ಬಹಳ ಉಪಕಾರಿ.

ಅಡ್ಮಿನ್ ಪಾಸ್‌ವರ್ಡ್‌ಗೆ ಸ್ವಲ್ಪ ತಾಳ್ಮೆ ಬೇಕು. ಮಾಡೆಮ್ ಅನ್ನು ಕಳಚದೆ, ತಂತಿಗಳು ಸಡಿಲವಾಗದಂತೆ ಮೆಲ್ಲಗೆ ಓರೆ ಮಾಡಿ ತಳದ ಚೀಟಿ ನೋಡಿ. ಹೊಳಲ್ಕೆರೆ, ಹೊಸದುರ್ಗ ಕಡೆಯ ಗಣಿ ದಾರಿಗಳ ಪಕ್ಕದ ಕಚೇರಿಗಳಲ್ಲಿ ಈ ಚೀಟಿಯ ಮೇಲೆ ಕೆಂಪು ಧೂಳು ಪದರಗಟ್ಟಿರುತ್ತದೆ. ಒದ್ದೆ ಬಟ್ಟೆ ಬೇಡ, ಮುದ್ರಿತ ಅಕ್ಷರ ಅಳಿಸಿಹೋಗಬಹುದು. ಒಣ ಹತ್ತಿಬಟ್ಟೆಯಿಂದ ಒರೆಸಿ, ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ಸೊನ್ನೆಯನ್ನು ಇಂಗ್ಲಿಷಿನ ಓ ಎಂದೂ, ಎಂಟನ್ನು ಬಿ ಎಂದೂ, ಒಂದನ್ನು ಸಣ್ಣ ಎಲ್ ಎಂದೂ ಓದಿ, ಸರಿಯಾದ ಪಾಸ್‌ವರ್ಡನ್ನೇ ತಪ್ಪೆಂದು ಕೈಬಿಟ್ಟವರು ಬಹಳ ಮಂದಿ. ಸಂಶಯ ಬಂದ ಅಕ್ಷರಗಳನ್ನು ಅದಲು ಬದಲು ಮಾಡಿ ನೋಡಿ. ಆದರೆ ಎಡೆಬಿಡದೆ ಊಹಿಸುತ್ತ ಹೋಗಬೇಡಿ; ಕೆಲವು ಮಾಡೆಮ್‌ಗಳು ತಪ್ಪು ಹೆಚ್ಚಾದರೆ ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಳ್ಳುತ್ತವೆ.

ಪುಟ ತೆರೆಯಲು ಲ್ಯಾಪ್‌ಟಾಪನ್ನು ನೆಟ್‌ವರ್ಕ್ ಕೇಬಲ್‌ನಿಂದ ಮಾಡೆಮ್‌ಗೆ ಜೋಡಿಸಿ, ಬ್ರೌಸರ್‌ನಲ್ಲಿ ಚೀಟಿಯ ಮೇಲಿರುವ ವಿಳಾಸ ಟೈಪ್ ಮಾಡಿ. ಸಾಮಾನ್ಯವಾಗಿ ಅದು 192.168.0.1, 192.168.1.1 ಅಥವಾ 192.168.100.1 ಆಗಿರುತ್ತದೆ. ಈ ಪುಟ ಇರುವುದು ಮಾಡೆಮ್‌ನ ಒಳಗೇ. ಆದ್ದರಿಂದ ಮಳೆ ಮೋಡ ಕವಿದು ಇಂಟರ್‌ನೆಟ್ ನಿಂತಿದ್ದರೂ ಅದು ತೆರೆಯಬೇಕು. ಚೀಟಿಯಲ್ಲಿರುವುದು ನಡೆಯದಿದ್ದರೆ, ಹಿಂದೆ ಮಾಡೆಮ್ ನೋಡಿಕೊಳ್ಳುತ್ತಿದ್ದವರ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಮ್ಯಾನೇಜರ್ ತೆರೆದು ಇದೇ ವಿಳಾಸವನ್ನು ಹುಡುಕಿ. ‘ಸೇವ್ ಮಾಡಲೇ’ ಎಂದು ಬ್ರೌಸರ್ ಕೇಳಿದಾಗ ಹೌದು ಎಂದು ಒತ್ತಿದವರೇ ಹೆಚ್ಚು. ವರ್ಗವಾಗಿ ಹೋದವರಿಗೆ ಒಂದು ಫೋನ್ ಮಾಡುವುದೂ ಒಳ್ಳೆಯ ದಾರಿಯೇ.

ಇನ್ನು ಆ ರಂಧ್ರದ ವಿಷಯ. ಭೂಸ್ಥಿರ ಉಪಗ್ರಹ, ಅಂದರೆ ನೆಲದಿಂದ ನೋಡಿದರೆ ಆಕಾಶದಲ್ಲಿ ಒಂದೇ ಕಡೆ ನಿಂತಂತಿರುವ ಉಪಗ್ರಹ, ಸುಮಾರು 36,000 ಕಿ.ಮೀ. ಎತ್ತರದಲ್ಲಿರುತ್ತದೆ. 2018ರ ಡಿಸೆಂಬರ್‌ನಲ್ಲಿ ಹಾರಿದ ಇಸ್ರೊದ ಜಿಸ್ಯಾಟ್-11 ಬಳಕೆದಾರರಿಗಾಗಿಯೇ 32 ಬೇರೆ ಬೇರೆ ಕಿರಣಗಳನ್ನು (ಒಂದೊಂದು ಪ್ರದೇಶಕ್ಕೆ ಒಂದೊಂದು ಸಿಗ್ನಲ್) ದೇಶದ ಮೇಲೆ ಬೀರುವಂತೆ ರೂಪಿಸಿದ ಉಪಗ್ರಹ. ಇಂಥ ವ್ಯವಸ್ಥೆಯಲ್ಲಿ ಮಾಡೆಮ್ ಯಾವ ಉಪಗ್ರಹದ ಯಾವ ಕಿರಣವನ್ನು, ಯಾವ ಫ್ರೀಕ್ವೆನ್ಸಿಯಲ್ಲಿ ಹಿಡಿಯಬೇಕು ಎಂಬ ವಿವರವನ್ನು ಅಳವಡಿಸುವ ದಿನವೇ ತುಂಬಿರುತ್ತಾರೆ. ಆ ರಂಧ್ರಕ್ಕೆ ಪಿನ್ನು ಚುಚ್ಚಿ ಫ್ಯಾಕ್ಟರಿ ರಿಸೆಟ್ ಮಾಡಿದರೆ, ಅಂದರೆ ಮಾಡೆಮ್ ಅನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸಿದರೆ, ಕೆಲವು ಮಾಡೆಮ್‌ಗಳಲ್ಲಿ ಪಾಸ್‌ವರ್ಡ್ ಜೊತೆಗೆ ಈ ವಿವರವೂ ಅಳಿಸಿಹೋಗುತ್ತದೆ. ಆಮೇಲೆ ಮಾಡೆಮ್‌ಗೆ ಉಪಗ್ರಹವೇ ಸಿಗುವುದಿಲ್ಲ. ಉಪಗ್ರಹ ಸಿಗದ ಮಾಡೆಮ್‌ಗೆ ಕಂಪನಿಯ ಕೇಂದ್ರದ ಕೈಯೂ ಎಟಕುವುದಿಲ್ಲ, ಏಕೆಂದರೆ ಅವರು ದೂರದಿಂದ ಸರಿಪಡಿಸುವುದೂ ಅದೇ ಉಪಗ್ರಹದ ದಾರಿಯಲ್ಲಿ. ಕೊನೆಗೆ ತಂತ್ರಜ್ಞರೇ ಬರಬೇಕಾಗುತ್ತದೆ. ಅಲ್ಲಿಯವರೆಗೆ ಬಂಕಿನಲ್ಲಿ ಕಾರ್ಡ್ ಯಂತ್ರವೂ ಇಲ್ಲ, ಬಿಲ್ಲೂ ಇಲ್ಲ.

ಸ್ವಿಚ್ ಆರಿಸಿ ಹಾಕುವುದರಿಂದ ಈ ಅಪಾಯವಿಲ್ಲ. ಅದು ಬರೀ ರೀಸ್ಟಾರ್ಟ್. ಮಾಡೆಮ್‌ಗೆ ಪ್ರತ್ಯೇಕ ವೈಫೈ ರೂಟರ್ ಜೋಡಿಸಿದ್ದರೆ ಆ ರೂಟರನ್ನು ರಿಸೆಟ್ ಮಾಡಬಹುದು. ಡಿಶ್‌ನಿಂದ ಇಳಿದ ದಪ್ಪ ಕೇಬಲ್‌ಗಳು ತಿರುಪಿನ ಹಾಗೆ ಸೇರಿಕೊಂಡಿರುವ ಪೆಟ್ಟಿಗೆ ಮಾಡೆಮ್, ಅದನ್ನು ಬಿಡಿ. ಇನ್ನೊಂದು ರೂಟರ್. ಅದರ ಸೆಟ್ಟಿಂಗ್ಸ್ ಬರೆದುಕೊಂಡಿದ್ದರೆ ಮಾತ್ರ, ಅದು ಚಾಲೂ ಇರುವಾಗಲೇ ರಿಸೆಟ್ ಗುಂಡಿಯನ್ನು ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿದು ಬಿಡಿ.

ಯಾವುದೂ ಫಲಿಸದಿದ್ದರೆ ಸೇವಾ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ. ಸಂಖ್ಯೆಯನ್ನು ಬಿಲ್ಲಿನಿಂದಲೇ ತೆಗೆದುಕೊಳ್ಳಿ, ಗೂಗಲ್‌ನಲ್ಲಿ ಹುಡುಕಿದ ಸಂಖ್ಯೆ ಬೇಡ. ಅಲ್ಲಿ ವಂಚಕರು ಕಾದಿರುತ್ತಾರೆ. ಮಾಡೆಮ್‌ನ ಸೀರಿಯಲ್ ಸಂಖ್ಯೆ, ಬಿಲ್ಲಿನ ಗ್ರಾಹಕ ಸಂಖ್ಯೆ, ನೋಂದಾಯಿತ ಮೊಬೈಲ್ ಕೈಯಲ್ಲಿರಲಿ. ಮಾಡೆಮ್ ಉಪಗ್ರಹದ ಸಂಪರ್ಕದಲ್ಲಿದ್ದರೆ ಎಷ್ಟೋ ಸಲ ಅವರೇ ಕೇಂದ್ರದಿಂದ ಪಾಸ್‌ವರ್ಡ್ ಬದಲಿಸಿಕೊಡುತ್ತಾರೆ. ಕರೆ ಮಾಡಿದವರು ನೀವೇ ಆಗಿರಬೇಕು. ತಾವಾಗಿಯೇ ಕರೆ ಮಾಡಿ ಒಟಿಪಿ ಕೇಳುವವರಿಗೆ, ಮೊಬೈಲಿಗೆ ಆ್ಯಪ್ ಹಾಕಿಕೊಳ್ಳಿ ಎನ್ನುವವರಿಗೆ ಏನನ್ನೂ ಕೊಡಬೇಡಿ.

ಒಳಗೆ ಹೋಗಲು ಸಾಧ್ಯವಾದ ಮೇಲೆ ಹೊಸ ಅಡ್ಮಿನ್ ಪಾಸ್‌ವರ್ಡ್ ಹಾಕಿ, ಬೀಗವಿರುವ ಕಪಾಟಿನ ರಿಜಿಸ್ಟರ್‌ನಲ್ಲಿ ದಿನಾಂಕದೊಂದಿಗೆ ಬರೆದಿಡಿ. ರೂಟರ್ ರಿಸೆಟ್ ಮಾಡಿದ್ದರೆ ವೈಫೈಗೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಕೊಡಿ. ಒಂದು ಅಕ್ಷರವೂ ಬದಲಾಗದಿದ್ದರೆ ಸಿಸಿಟಿವಿ, ಪ್ರಿಂಟರ್, ಬಿಲ್ಲಿಂಗ್ ಯಂತ್ರಗಳು ತಾವಾಗಿಯೇ ಸೇರಿಕೊಳ್ಳುತ್ತವೆ. ಕೆಲಸ ಬಿಟ್ಟು ಹೋದವರಿಗೆ ಆ ಪಾಸ್‌ವರ್ಡ್ ಗೊತ್ತಿದ್ದರೆ ಮಾತ್ರ ಬದಲಿಸಿ, ಪ್ರತಿ ಯಂತ್ರದಲ್ಲೂ ಹೊಸದನ್ನು ಹಾಕಿ.