ಕಾರಿಗೆ ಹೊಸದೇನಾದರೂ ಹಾಕಿಸುವ ಮುನ್ನ: ಆರ್‌ಸಿ, ವಿಮೆ ಕೈಕೊಡದಂತೆ ನೋಡಿಕೊಳ್ಳುವುದು ಹೇಗೆ?

ಲೈಸೆನ್ಸ್ ಕೈಗೆ ಬಂದು ತಿಂಗಳು ತುಂಬಿರುವುದಿಲ್ಲ, ಕಾರು ಆಗಲೇ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ ಮುಂದೆ ನಿಂತಿರುತ್ತದೆ. ದಪ್ಪ ಟೈರು, ಕಣ್ಣು ಕೋರೈಸುವ ದೀಪ, ಮೂತಿಗೊಂದು ಕಬ್ಬಿಣದ ಗಾರ್ಡು. ‘ಏನೂ ಆಗಲ್ಲ ಸಾರ್, ಎಲ್ರೂ ಹಾಕಿಸ್ತಾರೆ’ ಎಂದು ಅಂಗಡಿಯವರು ಧೈರ್ಯ ಹೇಳುತ್ತಾರೆ. ಮುಂದೊಂದು ದಿನ ಅಪಘಾತವಾದಾಗ, ಹಾನಿ ಅಳೆಯಲು ವಿಮಾ ಕಂಪನಿ ಕಳುಹಿಸುವ ಸರ್ವೇಯರ್ ಎದುರು ನಿಲ್ಲುವವರು ಮಾತ್ರ ನೀವು. ಕ್ಲೇಮ್ ತಿರಸ್ಕಾರವಾಗಿ ಲಕ್ಷಗಟ್ಟಲೆ ರಿಪೇರಿ ಬಿಲ್ಲನ್ನು ಅಪ್ಪನ ಉಳಿತಾಯದಿಂದ ಕಟ್ಟಿದ ಮನೆಗಳನ್ನು ನೋಡಿದ್ದೇನೆ. ಎಲ್ಲ ಕಡೆಯೂ ಎಡವಟ್ಟು ಒಂದೇ: ಮೊದಲು ಕೆಲಸ ಮಾಡಿಸಿದ್ದು, ಕಾಗದಪತ್ರವನ್ನು ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡಿದ್ದು.

1. ಆರ್‌ಸಿ, ಪಾಲಿಸಿ ಎರಡನ್ನೂ ಓದಿ

ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಬಣ್ಣ, ಇಂಧನ, ಎಂಜಿನ್ ಮತ್ತು ಚಾಸಿ ಸಂಖ್ಯೆ, ಸೀಟುಗಳ ಸಂಖ್ಯೆ, ಬಾಡಿಯ ವಿಧ ನಮೂದಾಗಿರುತ್ತದೆ. ತಯಾರಕರು ಕೊಟ್ಟ ಈ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಬಳಿಕ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದು. ಕಾರು ಅಮ್ಮನ ಹೆಸರಿನಲ್ಲಿದ್ದರೆ ನೋಟಿಸು ಬರುವುದು ಅಮ್ಮನಿಗೆ.

ಇನ್ನು ಪಾಲಿಸಿ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಬರುತ್ತದೆ. ‘ಮೂರು ವರ್ಷ ಚಿಂತೆಯಿಲ್ಲ’ ಎಂದು ಹೊಸಬರು ನಿರಾಳವಾಗುತ್ತಾರೆ. ಅದು ನಿಮ್ಮ ಕಾರಿನಿಂದ ಬೇರೆಯವರಿಗಾದ ಹಾನಿಗೆ ಮಾತ್ರ. ನಿಮ್ಮ ಕಾರಿಗೆ ಸಿಗುವ ರಕ್ಷಣೆ, ಅಂದರೆ ಓನ್ ಡ್ಯಾಮೇಜ್ ಭಾಗ, ಹೆಚ್ಚಾಗಿ ಒಂದೇ ವರ್ಷದ್ದಿರುತ್ತದೆ. ಅದು ಚಾಲ್ತಿಯಲ್ಲಿಲ್ಲದಿದ್ದರೆ ನೀವು ಹಾಕಿಸುವ ಯಾವ ವಸ್ತುವಿಗೂ ವಿಮೆಯಿಲ್ಲ.

2. ಬೇಡವಾದದ್ದನ್ನು ಮೊದಲೇ ಪಟ್ಟಿಯಿಂದ ತೆಗೆಯಿರಿ

ಕಬ್ಬಿಣದ ಬುಲ್‌ ಬಾರ್, ಅಂದರೆ ಮೂತಿಗೆ ಹಾಕುವ ಗಾರ್ಡು, ಬೇಡವೇ ಬೇಡ. ಇವುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಡಿಕ್ಕಿಯ ಹೊಡೆತವನ್ನು ಹೀರಿಕೊಳ್ಳಬೇಕಾದ ಬಂಪರಿನ ಕೆಲಸವನ್ನು ಅದು ಕೆಡಿಸುತ್ತದೆ, ಏರ್‌ಬ್ಯಾಗ್ ಸೆನ್ಸರಿಗೆ ತಪ್ಪು ಸಂದೇಶ ಹೋಗುತ್ತದೆ, ಎದುರಿಗೆ ಸಿಕ್ಕ ಪಾದಚಾರಿಯ ಮೂಳೆ ಪುಡಿಯಾಗುತ್ತದೆ. ಗುಡುಗುವ ಸೈಲೆನ್ಸರ್, ಕರ್ಕಶ ಹಾರ್ನ್, ಎಂಜಿನ್ನಿನ ಸಾಫ್ಟ್‌ವೇರ್ ತಿದ್ದುವ ರೀಮ್ಯಾಪ್ ಕೂಡ ಹೊರಗೆ. ಶಬ್ದ ಮತ್ತು ಹೊಗೆ ನಿಯಮ ಮುರಿದರೆ 10,000 ರೂಪಾಯಿವರೆಗೆ ದಂಡವಿದೆ, ಮೂರು ತಿಂಗಳು ಲೈಸೆನ್ಸೂ ಹೋಗಬಹುದು. ಕಪ್ಪು ಫಿಲ್ಮ್ ಅಂಟಿಸಬೇಡಿ. ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ 70%, ಪಕ್ಕದ ಗಾಜಿನಲ್ಲಿ 50% ಬೆಳಕು ಹಾಯಬೇಕೆಂಬುದು ನಿಯಮ.

ಸೀಟ್ ಕವರಿಗೂ ಕಾನೂನಿಗೂ ಏನು ಸಂಬಂಧ ಎನ್ನಬೇಡಿ. ಪಕ್ಕದ ಏರ್‌ಬ್ಯಾಗ್ ಎಷ್ಟೋ ಕಾರುಗಳಲ್ಲಿ ಸೀಟಿನ ಅಂಚಿನಲ್ಲಿರುತ್ತದೆ. ದಪ್ಪ ರೆಕ್ಸಿನ್ ಸುತ್ತಿ ಹೊಲಿದುಬಿಟ್ಟರೆ ಅದು ಬಿಚ್ಚಿಕೊಳ್ಳುವುದೇ ಅನುಮಾನ. ಆ ಜಾಗ ತೆರೆದಿರುವ ಕವರನ್ನೇ ಕೇಳಿ ಕೊಳ್ಳಿ.

3. ಟೈರು, ದೀಪ

ಟೈರಿಗೆ ನನ್ನ ಸಲಹೆ ಒಂದೇ: ಅದೇ ಮಾದರಿಯ ದುಬಾರಿ ಆವೃತ್ತಿಗೆ ಕಂಪನಿ ಕೊಟ್ಟ ಅಳತೆಯನ್ನು ದಾಟಬೇಡಿ. 2018ರ ಸ್ವಿಫ್ಟ್‌ನ ಕೆಳ ಆವೃತ್ತಿಗಳಿಗೆ 165/80 ಆರ್14, ಮೇಲಿನದಕ್ಕೆ 185/65 ಆರ್15 ಬರುತ್ತಿತ್ತು. ಲೆಕ್ಕ ಹಾಕಿದರೆ ಎರಡರ ಒಟ್ಟು ವ್ಯಾಸವೂ ಸುಮಾರು 620 ಮಿ.ಮೀ. ಹಾಗಾಗಿ ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ.

ದೀಪದಲ್ಲಿ 55/60 ವ್ಯಾಟಿನ ಜಾಗಕ್ಕೆ 90/100 ವ್ಯಾಟ್ ಬಲ್ಬ್ ಹಾಕಿದರೆ ಹೋಲ್ಡರ್ ಕರಗುತ್ತದೆ. ಅದಕ್ಕಿಂತ ಅಪಾಯ, ವೈರ್ ಕತ್ತರಿಸಿ ಟೇಪ್ ಸುತ್ತುವ ಕೆಲಸ. ಕಾರಿಗೆ ಬೆಂಕಿ ಬಿದ್ದಾಗ ಸರ್ವೇಯರ್ ಮೊದಲು ಹುಡುಕುವುದೇ ಆ ಟೇಪನ್ನು. ವೈರ್ ಕತ್ತರಿಸದೆ ಕಪ್ಲರಿಗೆ (ವೈರಿನ ತುದಿಯ ಜೋಡಣೆಗೆ) ಸಿಕ್ಕಿಸುವ ಉಪಕರಣ ಬಿಟ್ಟು ಬೇರೇನನ್ನೂ ಒಪ್ಪಬೇಡಿ.

4. ಸಿಎನ್‌ಜಿ, ಬಣ್ಣ: ಆರ್‌ಟಿಒ ಅನುಮತಿ

ಸಾಲದ ಕಾರಾದರೆ ಮೊದಲು ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರ ತನ್ನಿ. ಬಣ್ಣ ಬದಲಿಸುವುದಾದರೆ ಡಬ್ಬಿ ತೆರೆಯುವ ಮೊದಲೇ ಅರ್ಜಿ ಹಾಕಿ. ಸಿಎನ್‌ಜಿ ಕಿಟ್ ನಿಮ್ಮ ಮಾದರಿಗೇ ಅನುಮೋದನೆ ಪಡೆದದ್ದಿರಬೇಕು, ಅಧಿಕೃತ ಕೇಂದ್ರದಲ್ಲೇ ಕೂರಿಸಬೇಕು, ಸಿಲಿಂಡರಿನ ಪ್ರಮಾಣಪತ್ರ ಕೈಗೆ ಬರಬೇಕು. ಆರ್‌ಸಿಯಲ್ಲಿ ಇಂಧನದ ಕಡೆ ಪೆಟ್ರೋಲ್ ಜೊತೆ ಸಿಎನ್‌ಜಿಯೂ ನಮೂದಾದ ಮೇಲೆಯೇ ಕೆಲಸ ಮುಗಿದಂತೆ. ಅಗ್ಗಕ್ಕೆ ಸಿಗುವ ಹಳೆಯ ಸಿಲಿಂಡರ್ ಮುಟ್ಟಲೇಬೇಡಿ.

5. ವಿಮಾ ಕಂಪನಿಗೆ ತಿಳಿಸುವುದು: ಎಲ್ಲರೂ ಜಾರುವುದು ಇಲ್ಲೇ

ಆರ್‌ಸಿ ತಿದ್ದಿದರೆ ಪಾಲಿಸಿ ತಾನಾಗಿಯೇ ತಿದ್ದಿಹೋಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹೋಗುವುದಿಲ್ಲ. ನಿಮ್ಮ ಕಾರಿನ ವಿಮಾ ಮೌಲ್ಯ, ಅಂದರೆ ಐಡಿವಿ, ಕಾರು ತಯಾರಕರ ಪಟ್ಟಿ ಬೆಲೆಯಿಂದ ಸವಕಳಿ ಕಳೆದು ಬರುವ ಮೊತ್ತ. ನೀವು ಹೊರಗಿನಿಂದ ಹಾಕಿಸಿದ ಸ್ಟೀರಿಯೊ, ಅಲಾಯ್ ಚಕ್ರ, ಗ್ಯಾಸ್ ಕಿಟ್ ಅದರಲ್ಲಿ ಸೇರಿಲ್ಲ. ಅವನ್ನು ಸೇರಿಸಲು ಪಾಲಿಸಿಗೆ ಲಿಖಿತ ತಿದ್ದುಪಡಿ, ಅಂದರೆ ಎಂಡಾರ್ಸ್‌ಮೆಂಟ್ ಬೇಕು.

ಎಲೆಕ್ಟ್ರಿಕ್ ಉಪಕರಣಗಳಿಗೆ ಐಎಂಟಿ (ಇಂಡಿಯಾ ಮೋಟಾರ್ ಟ್ಯಾರಿಫ್) 24, ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್‌ಗೆ ಐಎಂಟಿ 25 ಎಂಬ ಎಂಡಾರ್ಸ್‌ಮೆಂಟ್ ಇರುತ್ತದೆ. ಓನ್ ಡ್ಯಾಮೇಜ್ ಭಾಗದಲ್ಲಿ ಹೆಚ್ಚುವರಿ ಪ್ರೀಮಿಯಂ ಸಾಮಾನ್ಯವಾಗಿ ವಸ್ತುವಿನ ಬೆಲೆಯ 4%. 50,000 ರೂಪಾಯಿಯ ಕಿಟ್‌ಗೆ 2,000 ರೂಪಾಯಿ. ಇಷ್ಟನ್ನು ಉಳಿಸಲು ಹೋಗಿ ಇಡೀ ಕಾರನ್ನೇ ಪಣಕ್ಕಿಡಬೇಡಿ.

ಕೆಲಸ ಮಾಡಿಸುವ ಮುನ್ನವೇ ಕಂಪನಿಗೆ ಇಮೇಲ್ ಬರೆಯಿರಿ: ಪಾಲಿಸಿ ಸಂಖ್ಯೆ, ಕಾರಿನ ನಂಬರು, ಯಾವ ಕಂಪನಿಯ ಯಾವ ವಸ್ತು, ಬೆಲೆ, ಕೂರಿಸುವ ದಿನ. ಒಪ್ಪಿಗೆ ಬಂದ ಮೇಲೆ ಮಾಡಿಸಿ, ಜಿಎಸ್‌ಟಿ ಬಿಲ್ಲು ಮತ್ತು ಫೋಟೊ ಕಳುಹಿಸಿ, ಪರಿಶೀಲನೆಗೆ ಕರೆದರೆ ಕಾರು ತೋರಿಸಿ. ‘ನಾನು ಆಫೀಸಿಗೆ ಹೇಳಿಬಿಡ್ತೀನಿ’ ಎನ್ನುವ ಏಜೆಂಟರ ಮಾತಿಗೆ ಸುಮ್ಮನಾಗಬೇಡಿ, ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಉಳಿಯುವುದಿಲ್ಲ. ತಿದ್ದಿದ ಪಾಲಿಸಿ ಬಂದಾಗ ವಸ್ತುವಿನ ಹೆಸರೂ ಮೊತ್ತವೂ ಅದರಲ್ಲಿ ಇವೆಯೇ ಎಂದು ನೋಡಿ. ಇಲ್ಲದಿದ್ದರೆ ಅದೇ ದಿನ ಮತ್ತೆ ಬರೆಯಿರಿ.

ಇಷ್ಟೆಲ್ಲ ಸರಿಯಾಗಿ ಮಾಡಿದವರೂ ಮರುವರ್ಷ ಸೋಲುತ್ತಾರೆ. ಮೊಬೈಲಿನಲ್ಲಿ ನವೀಕರಿಸುವಾಗ ‘ಹೊರಗಿನಿಂದ ಹಾಕಿಸಿದ ಗ್ಯಾಸ್ ಕಿಟ್ ಇದೆಯೇ?’ ಎಂಬ ಪ್ರಶ್ನೆ ಬರುತ್ತದೆ. ‘ಇಲ್ಲ’ ಎಂದು ಒತ್ತಿದರೆ ಪ್ರೀಮಿಯಂ ಇಳಿಯುತ್ತದೆ, ಕೈ ಅಲ್ಲಿಗೇ ಹೋಗುತ್ತದೆ. ಆ ಒಂದು ಒತ್ತು ಸುಳ್ಳು ಘೋಷಣೆ. ಕಂಪನಿ ಬದಲಿಸಿದರಂತೂ ಹಳೆಯ ಎಂಡಾರ್ಸ್‌ಮೆಂಟ್ ಜೊತೆಗೆ ಬರುವುದಿಲ್ಲ, ಎಲ್ಲವನ್ನೂ ಹೊಸದಾಗಿ ಹೇಳಬೇಕು.

6. ಸೆಕೆಂಡ್ ಹ್ಯಾಂಡ್ ಕಾರು

ಹಿಂದಿನವರು ಮಾಡಿಸಿದ್ದಕ್ಕೂ ಈಗ ಉತ್ತರ ಕೊಡಬೇಕಾದವರು ನೀವೇ. ಹಣ ಕೊಡುವ ಮೊದಲು ಆರ್‌ಸಿ ಹಿಡಿದು ಕಾರಿನ ಜೊತೆ ಸಾಲು ಸಾಲಾಗಿ ಹೋಲಿಸಿ. ವಿಮೆಯನ್ನು ನಿಮ್ಮ ಹೆಸರಿಗೆ ವರ್ಗಾಯಿಸಲು 14 ದಿನದೊಳಗೆ ಅರ್ಜಿ ಕೊಡಿ.

7. ಅಪಘಾತವಾದರೆ

ಸರ್ವೇಯರ್ ಬರುವ ಮೊದಲು ಹಾಕಿಸಿದ ಭಾಗಗಳನ್ನು ಬಿಚ್ಚಿಸಬೇಡಿ. ಗ್ಯಾರೇಜಿನವರು ‘ಗಾರ್ಡ್ ತೆಗೆದುಬಿಡೋಣ, ಗೊತ್ತಾಗಲ್ಲ’ ಎನ್ನುತ್ತಾರೆ. ಬೋಲ್ಟಿನ ಗುರುತು ಉಳಿದಿರುತ್ತದೆ, ಅಪಘಾತದ ಜಾಗದಲ್ಲಿ ಯಾರೋ ತೆಗೆದ ಫೋಟೊ ಇರುತ್ತದೆ. ಮುಚ್ಚಿಟ್ಟದ್ದು ಬಯಲಾದರೆ, ಭಾಗಶಃ ಸಿಗಬಹುದಾಗಿದ್ದ ಹಣವೂ ಕೈತಪ್ಪುತ್ತದೆ. ಗಾಯಗೊಂಡವರಿಗೆ ಪರಿಹಾರ ಕೊಡುವಂತೆ ನ್ಯಾಯಾಲಯ ವಿಮಾ ಕಂಪನಿಗೆ ಹೇಳಿದರೂ, ಷರತ್ತು ಮುರಿದದ್ದು ಸಾಬೀತಾದರೆ ಅದನ್ನು ನಿಮ್ಮಿಂದ ವಸೂಲು ಮಾಡಲು ಅವಕಾಶ ಕೊಡಬಹುದು. ಕಾರನ್ನು ಇದ್ದ ಹಾಗೇ ಬಿಟ್ಟು ನಾಲ್ಕೂ ಕಡೆಯಿಂದ ಫೋಟೊ ತೆಗೆದುಕೊಳ್ಳಿ, ಎಂಡಾರ್ಸ್‌ಮೆಂಟ್ ಪ್ರತಿಯನ್ನು ಕ್ಲೇಮ್ ಅರ್ಜಿಯ ಜೊತೆಗೇ ಕೊಡಿ.