ಸ್ಟಾರ್ಟ್ ಮಾಡಿದ ಕೂಡಲೇ ಬೀಳುವ ಎಂಸಿಬಿ: ತೋಟದ 5 ಎಚ್‌ಪಿ ಮೋಟಾರಿಗೆ ನಾನು ಹಾಕಿದ ಲೆಕ್ಕ

ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. 5 ಎಚ್‌ಪಿ ತ್ರೀ ಫೇಸ್ ಸಬ್‌ಮರ್ಸಿಬಲ್, ಡಿಒಎಲ್ ಸ್ಟಾರ್ಟರ್ (ಮೋಟಾರಿಗೆ ಲೈನಿನ ಪೂರ್ತಿ ವೋಲ್ಟೇಜನ್ನು ನೇರವಾಗಿ ಕೊಡುವಂಥದು), ಅಲ್ಲಿಂದ ಮೋಟಾರಿಗೆ 150 ಮೀಟರ್ ಉದ್ದದ 2.5 ಚದರ ಮಿ.ಮೀ. ತಾಮ್ರದ ಕೇಬಲ್. ನೇಮ್‌ಪ್ಲೇಟಿನಲ್ಲಿ 7.5 ಆಂಪ್ಸ್ ಇದೆಯೆಂದು 10 ಆಂಪ್ಸ್ 'ಸಿ' ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ಹಾಕಿದ್ದರು. ಬಟನ್ ಒತ್ತಿದರೆ ಒಮ್ಮೆ ಓಡುತ್ತಿತ್ತು, ಒಮ್ಮೆ ಎಂಸಿಬಿ ಬೀಳುತ್ತಿತ್ತು.

ನಿಂತ ಮೋಟಾರು ಹೊರಡುವಾಗ ಸುಮಾರು 6 ಪಟ್ಟು, ಅಂದರೆ 45 ಆಂಪ್ಸ್ ಎಳೆಯುತ್ತದೆ. ಕಾಂಟ್ಯಾಕ್ಟ್ ಕೂಡುವ ಕ್ಷಣ ಸರಿಯಿಲ್ಲದಿದ್ದರೆ ಎಸಿ ಕರೆಂಟಿನ ಅಲೆಯ ಮೊದಲ ಅರ್ಧ ಆವರ್ತದ ತುದಿ 110 ಆಂಪ್ಸ್ ಮುಟ್ಟುತ್ತದೆ. ಒಮ್ಮೆ ಓಡಿ ಒಮ್ಮೆ ಬೀಳುವುದಕ್ಕೆ ಕಾರಣ ಅದೇ. ಸಾಮಾನ್ಯ ಕ್ಲ್ಯಾಂಪ್ ಮೀಟರಿಗೆ ಈ ತುದಿ ಸಿಗುವುದಿಲ್ಲ, ಕ್ಷಣದ ತುದಿಯನ್ನು ಹಿಡಿಯುವ ಪೀಕ್ ಮೋಡ್ ಇರುವ ಮೀಟರೇ ಬೇಕು.

'ಸಿ' ಎಂಸಿಬಿ ತನ್ನ ರೇಟಿಂಗಿನ 5ರಿಂದ 10 ಪಟ್ಟಿನೊಳಗೆ ಎಲ್ಲಿಯಾದರೂ ಥಟ್ಟನೆ ಬೀಳಬಹುದು. 10 ಆಂಪ್ಸಿನದಕ್ಕೆ ಅದು 50ರಿಂದ ಶುರು. ಅಲೆಯ ತುದಿ ಮೀಟರಿನ ಅಂಕಿಗಿಂತ 1.41 ಪಟ್ಟು, ಹಾಗಾಗಿ ತುದಿಯ ಲೆಕ್ಕದಲ್ಲಿ 70. ಬೀಳದೇ ಇನ್ನೇನು? 16ರದು 113ಕ್ಕೆ ಬರುತ್ತದೆ, ತೀರಾ ಅಂಚು. 20ರದು 141, ಅದು ಸಾಕು.

'ಡಿ' ಹಾಕಿ ಎಂದು ಅನೇಕರು ಹೇಳುತ್ತಾರೆ. ಅದು ಥಟ್ಟನೆ ಬೀಳುವುದು 10ರಿಂದ 20 ಪಟ್ಟಿನೊಳಗೆ, ಹೊರಡುವ ಕರೆಂಟನ್ನು ತಾಳಿಕೊಳ್ಳುವುದು ನಿಜ, ಆದರೆ ಕೇಬಲ್ಲಿನ ಕೊನೆಯಲ್ಲಿ ಶಾರ್ಟ್ ಆದರೆ ಅದು ಬೀಳುತ್ತದೆಯೇ ಎಂಬುದನ್ನು ಮೊದಲು ನೋಡಬೇಕು. 2.5ರ ಕೇಬಲ್ಲಿನಲ್ಲಿ ಹೋಗಿ ಬರುವ ದಾರಿಯ ರೋಧ 2.2 ಓಮ್. ಸಂಜೆ ಲೈನಿನ ತುದಿಯಲ್ಲಿ ಸಿಗುವ 360 ವೋಲ್ಟಿಗೆ ಶಾರ್ಟಿನ ಕರೆಂಟು 160 ಆಂಪ್ಸ್ ದಾಟುವುದೇ ಕಷ್ಟ. 16ರ 'ಡಿ'ಗೆ ಬೇಕಾಗುವುದು 320ರವರೆಗೆ. 'ಸಿ' 20ಕ್ಕೂ 200 ಬೇಕು. ಹಾಗಾಗಿ ಕೇಬಲ್ಲನ್ನೇ 4 ಚದರ ಮಿ.ಮೀ.ಗೆ ಬದಲಿಸಿದೆ. ರೋಧ 1.4 ಓಮ್‌ಗೆ ಇಳಿದು 250 ಆಂಪ್ಸಿನಷ್ಟು ಹರಿಯುವಂತಾಯಿತು. ಜೊತೆಗೆ 'ಸಿ' 20.

ದಪ್ಪ ಕೇಬಲ್ಲಿನಿಂದ ಇನ್ನೊಂದು ಲಾಭವೂ ಇದೆ. ಹೊರಡುವಾಗ 2.5ರಲ್ಲಿ ಸುಮಾರು 40 ವೋಲ್ಟ್ ಬಿದ್ದು ಹೋಗುತ್ತಿತ್ತು. 360ರಲ್ಲಿ ಅಷ್ಟು ಕಳೆದರೆ ಮೋಟಾರಿಗೆ 320. ಟಾರ್ಕ್ (ತಿರುಗಿಸುವ ಬಲ) ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿ ಇಳಿಯುವುದರಿಂದ, ಇರಬೇಕಾದ 415 ವೋಲ್ಟಿನಲ್ಲಿ ಸಿಗುವುದರ ಶೇ. 60ರಷ್ಟೇ ಉಳಿಯುತ್ತದೆ. ಅರೆ ಸೆಕೆಂಡಿನಲ್ಲಿ ವೇಗ ಹಿಡಿಯಬೇಕಾದ ಮೋಟಾರು ನಾಲ್ಕೈದು ಸೆಕೆಂಡು ನರಳುತ್ತದೆ. ಆಗ ಸ್ಟಾರ್ಟರಿನ ಓವರ್‌ಲೋಡ್ ರಿಲೇ (ಹೆಚ್ಚು ಕರೆಂಟು ತುಸು ಹೊತ್ತು ಹರಿದರೆ ಮೋಟಾರು ನಿಲ್ಲಿಸುವುದು) ಬೀಳುವುದು ಕಾಲದ ದೆಸೆಯಿಂದ, ತುದಿಯ ದೆಸೆಯಿಂದಲ್ಲ. ಕಡಿಮೆ ವೋಲ್ಟೇಜಿನಲ್ಲಿ ಹೊರಡಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇಲ್ಲಿ ಕೆಡುಕೇ: ಕರೆಂಟು ಮೂರನೇ ಒಂದಾಗುವಾಗ ಟಾರ್ಕೂ ಮೂರನೇ ಒಂದಾಗುತ್ತದೆ.

ಓವರ್‌ಲೋಡ್ ರಿಲೇಯನ್ನು 7.5ಕ್ಕೇ ಇಟ್ಟೆ. ಮೋಟಾರು ಕಾಯುವುದು ಅದರ ಕೆಲಸ, ಎಂಸಿಬಿಯದು ತಂತಿ ಕಾಯುವುದು. ಟ್ರಿಪ್ ತಪ್ಪಿಸಲೆಂದು ರಿಲೇ ತಿರುಗಿಸಿ 10ಕ್ಕೆ ಇಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ, ವೈಂಡಿಂಗ್ ಸುಡುತ್ತದೆ. ಎಂಸಿಬಿಯ ಬದಲು ತಂತಿ ಕಟ್ಟುವ ಕಿಟ್‌ಕ್ಯಾಟ್ ಫ್ಯೂಸಾದರೆ 0.6 ಮಿ.ಮೀ. ಟಿನ್ ಲೇಪದ ತಾಮ್ರದ ತಂತಿ, ಅದು 20 ಆಂಪ್ಸಿನದು. ಎರಡೆಳೆ ಹೊಸೆದು ಹಾಕಬಾರದು.

ಜಂಬಿಟ್ಟಿಗೆ ನೆಲದಲ್ಲಿ ಬೇಸಿಗೆಗೆ ಅರ್ಥಿಂಗ್ ರೋಧ 20 ಓಮ್ ಇದ್ದರೂ ಮೋಟಾರಿನ ಲೋಹದ ಮೈಗೆ ತಾಗಿದ ಫೇಸಿನಿಂದ ಹರಿಯುವುದು 11 ಆಂಪ್ಸ್ ಮಾತ್ರ. 'ಸಿ' 20ಕ್ಕೆ ಅದು ಕಾಣುವುದೇ ಇಲ್ಲ. ಅದಕ್ಕಾಗಿ ಬೇರೆಯಾಗಿ ಇಎಲ್‌ಸಿಬಿ (ನೆಲಕ್ಕೆ ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ಕೂರಿಸಿದೆ.